ಗೈಡಿನಲ್ಲಿಲ್ಲದ ಪ್ರಶ್ನೆ

ಹತ್ತನೇ ತರಗತಿಗೆ ಗದುಗಿನ ಭಾರತದ ಕರ್ಣಭೇದನ ಭಾಗ ಪಾಠ ಮಾಡುತ್ತಿದ್ದೆ. ಕೃಷ್ಣ ಕರ್ಣನನ್ನು ರಥದಲ್ಲಿ ತನ್ನ ಪಕ್ಕಕ್ಕೇ ಕೂರಿಸಿಕೊಂಡು, ನೀನು ಕುಂತಿಯ ಮಗ, ಪಾಂಡವರಿಗೆ ಅಣ್ಣ ಎಂದು ಹೇಳುವ ಸಂದರ್ಭ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

"ಸರ್, ಎಲ್ರೂ ಸೂತನ ಮಗ ಅಂತ ಹೀಯಾಳಿಸಿದಾಗ ಕುಂತಿ ಅಲ್ಲೇ ಇದ್ಲಲ್ವಾ? ಆಗ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅವಳ ಗತಿ ಏನಾಗ್ತಿತ್ತು?" ಪಕ್ಕದವಳು ಕೇಳಿದಳು.

ಕಿಟಕಿ ಬಳಿಯ ಹುಡುಗ ತಲೆ ತಗ್ಗಿಸಿಕೊಂಡೇ ಅಂದ: "ನಿಜವಾಗ್ಲೂ ಸೂತನ ಮಗನೇ ಆಗಿದ್ದಿದ್ರೆ ಕೃಷ್ಣ ಪಕ್ಕದಲ್ಲಿ ಕೂರಿಸ್ಕೊತಿದ್ನಾ?"

ತರಗತಿ ಗಪ್‌ಚಿಪ್ಪಾಯಿತು. ನನ್ನ ಪಾಠದ ಟಿಪ್ಪಣಿಯಲ್ಲಿ ಇದ್ದದ್ದು ಕರ್ಣನ ಸ್ವಾಮಿನಿಷ್ಠೆಯೊಂದೇ. ಅದು ತಪ್ಪಲ್ಲ, ಆದರೆ ಆ ಮೂರು ಪ್ರಶ್ನೆಗಳ ಮುಂದೆ ತೀರಾ ಸಣ್ಣದಾಗಿ ಕಂಡಿತು.

ವಿಮರ್ಶೆಯ ಪುಸ್ತಕಗಳು ಇದನ್ನೇ ಸ್ತ್ರೀವಾದಿ ಓದು, ದಲಿತ ಓದು ಎನ್ನುತ್ತವೆ. ಹೈಸ್ಕೂಲು ಮಕ್ಕಳಿಗೆ ಇದೆಲ್ಲ ಭಾರ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಭಾರವಾಗುವುದು ಪರಿಭಾಷೆ; ಪ್ರಶ್ನೆ ಮಕ್ಕಳದೇ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ, ಒಂಬತ್ತನೇ ಶತಮಾನದ ಕವಿರಾಜಮಾರ್ಗ, ಕಾವ್ಯದ ಗುಣದೋಷಗಳನ್ನು ವಿಚಾರಿಸುವ ಗ್ರಂಥವೇ ಅಲ್ಲವೇ? ಕ್ರಮವಾಗಿ ಓದದವರಿಗೂ ಈ ನಾಡಿನಲ್ಲಿ ಕಾವ್ಯದ ಪರಿಣತಿಯಿದೆ ಎಂದು ಅದು ಹೆಮ್ಮೆಯಿಂದ ಹೇಳುತ್ತದೆ. ಅಂಥ ನಾಡಿನ ಮಕ್ಕಳಿಗೆ ಸಾರಾಂಶ ಬರೆಸಿ ಸುಮ್ಮನಾಗುವುದು ನ್ಯಾಯವಲ್ಲ.

ಒಂದು ಎಚ್ಚರ ಮಾತ್ರ ಬೇಕು. ಪದ್ಯ ಮೊದಲು, ವಾದ ಆಮೇಲೆ. ಅಂದು ಪ್ರಶ್ನೆಗಳು ಹುಟ್ಟಿದ್ದು ಭಾಮಿನಿ ಷಟ್ಪದಿಯನ್ನು ಎರಡು ಸಲ ರಾಗವಾಗಿ ಓದಿದ ಮೇಲೆ, ಕರ್ಣನ ಕಣ್ಣೀರು ಮಕ್ಕಳ ಎದೆಗೆ ತಟ್ಟಿದ ಮೇಲೆ. ಕರ್ಣನಿಗಾಗಿ ಮರುಗದ ಮಗುವಿಗೆ ಜಾತಿಯ ವಿಚಾರವೂ ಬಾಯಿಪಾಠದ ಉತ್ತರವೇ ಆಗುತ್ತದೆ.

ಆ ಮೂರು ಪ್ರಶ್ನೆಗಳಿಗೆ ಪರೀಕ್ಷೆಯಲ್ಲಿ ಅಂಕವಿಲ್ಲ. ಹಾಗಾಗಿ ಗೈಡುಗಳಲ್ಲೂ ಅವಿಲ್ಲ, ಮನೆಪಾಠದಲ್ಲೂ ಇಲ್ಲ. ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿ ನನ್ನದೊಂದು ವಿನಂತಿ: ಒಂದೇ ಒಂದು ನಾಲ್ಕು ಅಂಕದ ಪ್ರಶ್ನೆಯನ್ನು ಮಗುವಿನ ಸ್ವಂತ ಓದಿಗೆ ಬಿಡಿ. ಮಾದರಿ ಉತ್ತರ ಕೊಡಬೇಡಿ. ಕನ್ನಡ ಮೇಷ್ಟ್ರುಗಳೇ, ಟೀಚರುಗಳೇ, ಅಲ್ಲಿಯವರೆಗೆ ಪದ್ಯದ ಪಿರಿಯಡ್ಡಿನ ಕೊನೆಯ ಹತ್ತು ನಿಮಿಷ ಪುಸ್ತಕ ಮುಚ್ಚಿಟ್ಟು, ಮಕ್ಕಳನ್ನು ಮಾತಾಡಲು ಬಿಡೋಣ.