‘ನನಗೆ ಗೊತ್ತಿಲ್ಲ’ ಎನ್ನುವ ವೈದ್ಯ



ವೈದ್ಯರು ‘ನನಗೆ ಗೊತ್ತಿಲ್ಲ’ ಎಂದರೆ ನಮ್ಮ ಎದೆ ನಡುಗುತ್ತದೆ. ಆದರೆ ಆ ಮಾತಿನಿಂದಲೇ ಅಸಂಖ್ಯ ಸ್ತ್ರೀಯರಿಗೆ ಒಳಿತಾಗಿದೆ.

ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಬಂದವರಿಗೆ 70 ವರ್ಷಗಳಿಗೂ ಹೆಚ್ಚು ಕಾಲ ಸ್ತನದೊಂದಿಗೆ ಎದೆಯ ಸ್ನಾಯುಗಳನ್ನೂ ಕತ್ತರಿಸಿ ತೆಗೆಯುತ್ತಿದ್ದರು. ಇಷ್ಟೆಲ್ಲ ಬೇಕೇ ಎಂದು ಪಿಟ್ಸ್‌ಬರ್ಗಿನ ಶಸ್ತ್ರವೈದ್ಯ ಡಾ. ಬರ್ನಾರ್ಡ್ ಫಿಶರ್ ಕೇಳಿದರು. 1976ರಲ್ಲಿ ಆರಂಭವಾದ ಅವರ ಪ್ರಯೋಗದಲ್ಲಿ ಯಾರಿಗೆ ಇಡೀ ಸ್ತನ ತೆಗೆಯಬೇಕು, ಯಾರಿಗೆ ಗಡ್ಡೆ ಮಾತ್ರ ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗುತ್ತಿತ್ತು. ರೋಗಿಯೆದುರು ‘ಯಾವುದು ಮೇಲೋ ಗೊತ್ತಿಲ್ಲ’ ಎನ್ನಲು ಅನೇಕ ವೈದ್ಯರು ಹಿಂಜರಿದರು. ಆದರೂ 1,800ಕ್ಕೂ ಹೆಚ್ಚು ಸ್ತ್ರೀಯರು ಸೇರಿದರು. 2002ರಲ್ಲಿ 20 ವರ್ಷಗಳ ಫಲಿತಾಂಶ ಪ್ರಕಟವಾಯಿತು: ಇಬ್ಬಗೆಯವರೂ ಬದುಕುಳಿದ ಪ್ರಮಾಣ ಒಂದೇ. ಗಡ್ಡೆ ತೆಗೆದು ವಿಕಿರಣ ಕೊಟ್ಟಾಗ ಆ ಸ್ತನದಲ್ಲಿ ರೋಗ ಮರುಕಳಿಸುವುದೂ ಕಡಿಮೆಯಾಗಿತ್ತು.

ಸಂತ ಯೊವಾನ್ನರ ಶುಭಸಂದೇಶದ ಹುಟ್ಟುಕುರುಡನನ್ನು ನೆನೆಯಿರಿ. ತಿಳಿಯದ್ದನ್ನು ತಿಳಿಯದೆಂದು ಒಪ್ಪಿಕೊಂಡ ಅವನು ಪ್ರಭುವನ್ನು ಕಂಡ. ಎಲ್ಲ ಬಲ್ಲೆವೆಂದ ಫರಿಸಾಯರು ಕುರುಡರಾಗಿಯೇ ಉಳಿದರು.

ನಿಮ್ಮ ಮನೆಯವರನ್ನು ಇಂಥ ಪ್ರಯೋಗಕ್ಕೆ ಕರೆದರೆ ಗಾಬರಿಯಾಗಬೇಡಿ. ಏನು ತಿಳಿದಿದೆ, ಏನು ತಿಳಿದಿಲ್ಲ, ಅಪಾಯವೇನು ಎಂದು ಧೈರ್ಯವಾಗಿ ಕೇಳಿ. ಒಲ್ಲೆ ಎನ್ನುವುದೂ ನಡುವೆ ಬಿಟ್ಟುಬರುವುದೂ ನಿಮ್ಮ ಹಕ್ಕು, ಪಾಪವಲ್ಲ. ಒಪ್ಪಿದವರಿಗೆ ತಮಗೇ ಲಾಭವಾಗದಿರಬಹುದು. ಆದರೆ ಎಂದೂ ಕಾಣದ ಸೋದರಿಯೊಬ್ಬಳಿಗೆ ಅವರು ಕೊಟ್ಟ ಕಾಣಿಕೆ ಅದು. ಪರಪ್ರೀತಿ ಎಂದರೆ ಇದೇ ಅಲ್ಲವೇ?

ಸಾವಿನ ಮನೆಯಲ್ಲಿ ‘ಎಲ್ಲ ದೇವರ ಚಿತ್ತ’ ಎಂದು ಥಟ್ಟನೆ ಹೇಳಿಬಿಡುವ ನನ್ನಂಥ ಗುರುಗಳೂ ಆ ವೈದ್ಯರಿಂದ ಕಲಿಯಬೇಕು. ‘ಏಕೆಂದು ನನಗೂ ಗೊತ್ತಿಲ್ಲ, ಆದರೆ ನಿಮ್ಮೊಡನೆ ಇರುತ್ತೇನೆ’ ಎನ್ನುವುದೂ ವಿಶ್ವಾಸದ ಮಾತೇ.