ವಿಮಾ ಪತ್ರ ಮತ್ತು ಮುಚ್ಚಿಟ್ಟ ಸತ್ಯ

"ಹಝ್ರತ್, ಗಾಡಿಗೆ ಗ್ಯಾಸ್ ಕಿಟ್ ಹಾಕಿಸಿದ್ದೇನೆ. ಹಿಂದೆ ಒಂದು ಬೆಂಚನ್ನೂ ಕೂರಿಸಿದ್ದೇನೆ. ಇನ್ಶೂರೆನ್ಸಿನವರಿಗೆ ಹೇಳಿದರೆ ಒಂದೋ ಕಂತು ಏರಿಸುತ್ತಾರೆ, ಇಲ್ಲವೇ ಪಾಲಿಸಿಯನ್ನೇ ಕೊಡುವುದಿಲ್ಲ. ಹೇಳದೆ ಇದ್ದರೆ ಗುನಾಹ್ ಆಗುತ್ತದೆಯೇ?"

ಮೈಸೂರಿನ ಉದಯಗಿರಿ, ಮಂಡಿ ಮೊಹಲ್ಲಾ ಕಡೆಗಳಲ್ಲಿ ಶಾಲಾ ಮಕ್ಕಳನ್ನು ಸಾಗಿಸಿ ಹೊಟ್ಟೆ ಹೊರೆಯುವ ವ್ಯಾನು ಚಾಲಕರು ಕೇಳುವ ಪ್ರಶ್ನೆ ಇದು. ನಮಾಝ್, ಉಪವಾಸಗಳ ಮಸ್‌ಅಲಾಗಳನ್ನು ವಿವರಿಸಿದಷ್ಟು ಸಲೀಸಾಗಿ ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಯಾಕೆಂದರೆ ಪ್ರಶ್ನೆಯ ಹಿಂದೆ ಒಂದು ಸಂಸಾರದ ಅನ್ನವಿದೆ. ಹಾಗೆಂದು ಉತ್ತರವನ್ನು ತೇಲಿಸಿಬಿಡುವಂತೆಯೂ ಇಲ್ಲ.

ಸಾಮಾನ್ಯವಾಗಿ ಇದಕ್ಕೆ ಎರಡು ಉತ್ತರಗಳು ಸಿಗುತ್ತವೆ. ಒಂದು ಏಜೆಂಟರದು. "ಅದನ್ನೆಲ್ಲ ಯಾಕೆ ಹೇಳೋಕ್ಕೆ ಹೋಗ್ತೀರಿ ಭಾಯ್, ಯಾರು ಬಂದು ನೋಡ್ತಾರೆ?" ಇನ್ನೊಂದು ಉತ್ತರಕ್ಕೆ ಧರ್ಮದ ವೇಷವಿದೆ. ವಾಣಿಜ್ಯ ವಿಮೆಯೇ ಸಂದೇಹದ ವ್ಯವಹಾರ, ಅದರಲ್ಲಿ ಬಡ್ಡಿಯ ಸೋಂಕಿದೆ, ಅಂತಹ ಕಂಪೆನಿಯೊಡನೆ ಪ್ರಾಮಾಣಿಕತೆಯ ಮಾತೆಲ್ಲಿ ಬಂತು ಎನ್ನುವವರ ಉತ್ತರ ಅದು. ನನ್ನ ಅಭಿಪ್ರಾಯದಲ್ಲಿ ಮೊದಲನೆಯದಕ್ಕಿಂತ ಎರಡನೆಯದೇ ಹೆಚ್ಚು ಅಪಾಯಕಾರಿ. ಆದುದರಿಂದ ಅದನ್ನೇ ಮೊದಲು ಪರಿಶೀಲಿಸೋಣ.

ವಿಮೆಯ ಬಗ್ಗೆ ಫಿಕ್ಹ್ ವಿದ್ವಾಂಸರಲ್ಲಿ ಚರ್ಚೆ ನಡೆದಿರುವುದು ನಿಜ. ಸಮುದ್ರ ವ್ಯಾಪಾರಿಗಳು ಸರಕಿನ ಮೇಲೆ ಮಾಡಿಸುತ್ತಿದ್ದ 'ಸೂಕರಾ' ಎಂಬ ವಿಮೆಯ ಕುರಿತು ದಮಾಸ್ಕಸ್‌ನ ಹನಫೀ ವಿದ್ವಾಂಸ ಅಲ್ಲಾಮಾ ಇಬ್ನು ಆಬಿದೀನ್(ರಹ್) 19ನೇ ಶತಮಾನದ ಆರಂಭದಲ್ಲೇ ಬರೆದಿದ್ದಾರೆ. 1985ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿಯು, ನಿಗದಿತ ಕಂತಿನ ವಾಣಿಜ್ಯ ವಿಮೆಯಲ್ಲಿ 'ಗರರ್' ಅಂದರೆ ಗಂಭೀರವಾದ ಅನಿಶ್ಚಿತತೆ ಇದೆಯೆಂದು ಹೇಳಿ, ಪರಸ್ಪರ ಸಹಕಾರದ ವಿಮೆಯನ್ನು ಬದಲಿ ಮಾರ್ಗವಾಗಿ ಸೂಚಿಸಿತು. ನಮ್ಮ ದೇಶದಲ್ಲಾದರೋ 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಪ್ರಕಾರ ಥರ್ಡ್ ಪಾರ್ಟಿ ವಿಮೆ ಇಲ್ಲದೆ ವಾಹನವನ್ನು ರಸ್ತೆಗಿಳಿಸುವಂತಿಲ್ಲ. ಕಾನೂನಿನ ಈ ಕಡ್ಡಾಯವನ್ನು ಪರಿಗಣಿಸಿ ವಿದ್ವಾಂಸರು ಅದಕ್ಕೆ ಅವಕಾಶ ನೀಡಿದ್ದಾರೆ. (ಅಂದಹಾಗೆ 'ವಿಮೆ' ಎಂಬುದು ಉರ್ದುವಿನ 'ಬೀಮಾ'ದ ಕನ್ನಡ ರೂಪ. 'ಬೀಮ್' ಎಂದರೆ ಪಾರ್ಸಿಯಲ್ಲಿ ಭಯ. ಮೈಸೂರು ಸಂಸ್ಥಾನವು ತನ್ನ ನೌಕರರಿಗೆ ಜೀವ ವಿಮೆಯನ್ನು 1891ರಷ್ಟು ಹಿಂದೆಯೇ ಆರಂಭಿಸಿತ್ತು. ಈ ಭಯಕ್ಕೂ ನಮ್ಮ ಊರಿಗೂ ಹಳೆಯ ನಂಟು.)

ಆದರೆ ವ್ಯವಸ್ಥೆಯ ಬಗ್ಗೆ ಆಕ್ಷೇಪವಿರುವುದು ಬೇರೆ, ಆ ವ್ಯವಸ್ಥೆಯೊಳಗೆ ರುಜು ಹಾಕಿದ ಮೇಲೆ ಸುಳ್ಳಾಡುವುದು ಬೇರೆ. ಮಕ್ಕಾದ ಜನರು ಪ್ರವಾದಿವರ್ಯರ(ಸ) ಸಂದೇಶವನ್ನು ತಿರಸ್ಕರಿಸಿದರು, ಕೊನೆಗೆ ಪ್ರಾಣಕ್ಕೇ ಸಂಚು ಹೂಡಿದರು. ಆದರೂ ತಮ್ಮ ಬೆಲೆಬಾಳುವ ವಸ್ತುಗಳನ್ನು ಅವರ ಬಳಿಯೇ ಇರಿಸಿದ್ದರು. ಹಿಜ್‌ರಾದ ಆ ರಾತ್ರಿ ಊರು ಬಿಡುವಾಗ ಪ್ರವಾದಿವರ್ಯರು(ಸ) ಹ. ಅಲಿಯವರನ್ನು(ರ) ಹಿಂದೆ ಉಳಿಸಿದ್ದಕ್ಕೆ ಒಂದು ಕಾರಣ ಆ ಅಮಾನತುಗಳನ್ನು ಅವರವರಿಗೆ ತಲುಪಿಸುವುದಾಗಿತ್ತು. ಎದುರು ಪಕ್ಷದವರು ಕೆಟ್ಟವರೆಂಬುದು ಅಮಾನತನ್ನು ಉಳಿಸಿಕೊಳ್ಳಲು ನೆಪವಾಗಲಿಲ್ಲ. ಬಡ್ಡಿ ತಿನ್ನುವ ಕಂಪೆನಿ ಎಂದು ದೂರುತ್ತಲೇ ಅದರಿಂದ ಕ್ಲೇಮಿನ ಹಣವನ್ನು ಪೂರ್ತಿ ನಿರೀಕ್ಷಿಸುವವರು ಈ ಘಟನೆಯನ್ನು ಒಮ್ಮೆ ನೆನೆಯಬೇಕು.

ಇನ್ನು ಹೇಳದೆ ಇರುವುದರ ಸ್ವರೂಪವೇನೆಂದು ನೋಡೋಣ. "ನಾನೇನೂ ಸುಳ್ಳು ಹೇಳಿಲ್ಲವಲ್ಲ, ಅವರು ಕೇಳಲಿಲ್ಲ, ನಾನು ಹೇಳಲಿಲ್ಲ" ಎಂಬ ಸಮಾಧಾನ ಬಹಳ ಮಂದಿಗಿದೆ. ಮದೀನಾದ ಮಾರುಕಟ್ಟೆಯಲ್ಲಿ ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಬೆರಳಿಗೆ ತೇವ ತಗುಲಿದ ಘಟನೆಯನ್ನು ನಾವೆಲ್ಲ ಕೇಳಿದ್ದೇವೆ. ಆ ವ್ಯಾಪಾರಿ ಧಾನ್ಯಕ್ಕೆ ತಾನಾಗಿ ನೀರು ಹಾಕಿರಲಿಲ್ಲ. ಮಳೆ ಬಂದು ನೆನೆದಿತ್ತು. ಒಂದು ಸುಳ್ಳನ್ನೂ ಆತ ಆಡಿರಲಿಲ್ಲ. ಒಣಗಿದ್ದನ್ನು ಮೇಲೂ ನೆನೆದದ್ದನ್ನು ಕೆಳಗೂ ಇರಿಸಿ ಸುಮ್ಮನಿದ್ದ, ಅಷ್ಟೇ. ನೆನೆದದ್ದನ್ನು ಜನರ ಕಣ್ಣಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಕೇಳಿದ ಪ್ರವಾದಿವರ್ಯರು(ಸ) ಆ ಮೌನವನ್ನು ವಂಚನೆಯೆಂದೇ ಪರಿಗಣಿಸಿದರು.

ವಿಮೆಯಲ್ಲಿ ಒಂದು ವೈಚಿತ್ರ್ಯವಿದೆ. ಸಂತೆಯಲ್ಲಿ ವಸ್ತುವಿನ ದೋಷ ಮಾರುವವನಿಗೆ ಗೊತ್ತಿರುತ್ತದೆ, ಕೊಳ್ಳುವವನಿಗೆ ಗೊತ್ತಿರುವುದಿಲ್ಲ. ಆದುದರಿಂದಲೇ ಶರೀಅತ್ ಕೊಂಡವನಿಗೆ 'ಖಿಯಾರುಲ್ ಐಬ್', ಅಂದರೆ ದೋಷ ಕಂಡರೆ ವಸ್ತುವನ್ನು ಹಿಂದಿರುಗಿಸುವ ಹಕ್ಕನ್ನು ನೀಡಿದೆ. ವಿಮೆಯಲ್ಲಿ ಕೊಳ್ಳುವವನು ನಾವು, ಆದರೆ ನೆನೆದ ಧಾನ್ಯವಿರುವುದೂ ನಮ್ಮ ಬಳಿಯಲ್ಲೇ. ಗಾಡಿಯ ಒಳಗೇನಿದೆಯೆಂದು ಬಲ್ಲವನು ಮಾಲೀಕ. ಕಂಪೆನಿಯವನ ಮುಂದಿರುವುದು ಒಂದು ಅರ್ಜಿ ಫಾರಂ ಮಾತ್ರ. 1766ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಸುಮಾತ್ರಾದ ಕೋಟೆಯೊಂದರ ವಿಮೆಗೆ ಸಂಬಂಧಿಸಿದ ವ್ಯಾಜ್ಯದಲ್ಲಿ, ವಿಮೆಯು ಪರಸ್ಪರ ಸದ್ವಿಶ್ವಾಸದ ಮೇಲೆ ನಿಂತ ಕರಾರು, ತನಗಷ್ಟೇ ತಿಳಿದ ಸಂಗತಿಯನ್ನು ಬಚ್ಚಿಡುವುದು ಮೋಸ ಎಂಬ ನಿಯಮವನ್ನು ಸ್ಪಷ್ಟಪಡಿಸಿದರು. ಆ ನಿಯಮ ಎರಡೂ ಕಡೆಯವರಿಗೆ ಅನ್ವಯಿಸುತ್ತದೆಂಬುದನ್ನು ಕಂಪೆನಿಗಳು ಅನುಕೂಲಕ್ಕೆ ತಕ್ಕಂತೆ ಮರೆಯುವುದುಂಟು. ಆ ವಿಷಯಕ್ಕೆ ಮುಂದೆ ಬರೋಣ.

ಹಾಗಾದರೆ ಯಾವ ಮಾರ್ಪಾಡನ್ನು ಹೇಳಬೇಕು? ಸೀಟಿಗೆ ಹೊಸ ಹೊದಿಕೆ ಹಾಕಿಸಿದ್ದನ್ನು ಹೇಳಬೇಕಾಗಿಲ್ಲ. ಅಪಾಯವನ್ನೋ ಬೆಲೆಯನ್ನೋ ಬದಲಿಸುವ ಸಂಗತಿಯನ್ನು ಹೇಳಬೇಕು. ಇಂಧನ, ಇಂಜಿನು, ಆಸನಗಳ ಸಂಖ್ಯೆ, ಗಾಡಿಯ ಮೈಕಟ್ಟು, ತಯಾರಕರು ಕೊಟ್ಟದ್ದಕ್ಕಿಂತ ದೊಡ್ಡ ಚಕ್ರ, ಇವು ಅಂಥವು. ಕಾನೂನು ಇನ್ನೂ ಬಿಗಿಯಾಗಿದೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಕಾಯ್ದೆಯ 52ನೇ ಕಲಮನ್ನು ವಿವರಿಸುತ್ತಾ ತೀರ್ಪು ನೀಡಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ ಆಗಬಹುದು. ಸೈಲೆನ್ಸರ್ ಕಿತ್ತು ಬೀದಿಯ ನಿದ್ದೆ ಕೆಡಿಸುವ ನಮ್ಮ ತರುಣರ ಬಗ್ಗೆ ಇಲ್ಲಿ ಹೆಚ್ಚು ಬರೆಯುವ ಅಗತ್ಯವಿಲ್ಲ. ಪೊಲೀಸರು ರೋಡ್ ರೋಲರ್ ಹರಿಸಿ ಅವನ್ನು ಪುಡಿ ಮಾಡುವ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿಯೇ ಇರುತ್ತೀರಿ.

ಆದರೆ ಅನುಮತಿಯುಳ್ಳ ಮಾರ್ಪಾಡುಗಳೂ ಇವೆ, ಮತ್ತು ಅವುಗಳ ವಿಷಯದಲ್ಲಿ ನಮ್ಮ ಭಯ ಹೆಚ್ಚಾಗಿ ಅಜ್ಞಾನದಿಂದ ಹುಟ್ಟಿದ್ದು. ಅಂಗೀಕೃತ ಸಿ.ಎನ್.ಜಿ. ಅಥವಾ ಆಟೋ ಎಲ್.ಪಿ.ಜಿ. ಕಿಟ್ ಅಳವಡಿಸಿ, ಆರ್.ಟಿ.ಓ. ಕಚೇರಿಯಲ್ಲಿ ಆರ್.ಸಿ.ಗೆ ನಮೂದು ಮಾಡಿಸಿ, ವಿಮಾ ಕಂಪೆನಿಗೆ ತಿಳಿಸಿದರೆ ಪಾಲಿಸಿಯಲ್ಲಿ ಅದನ್ನು ಸೇರಿಸುತ್ತಾರೆ. 2002ರ ಮೋಟಾರು ವಿಮಾ ದರಪಟ್ಟಿಯಲ್ಲಿ ಇದಕ್ಕೆ ಕಿಟ್‌ನ ಬೆಲೆಯ ಶೇಕಡಾ 4 ಮತ್ತು ಥರ್ಡ್ ಪಾರ್ಟಿ ಭಾಗಕ್ಕೆ 60 ರೂಪಾಯಿ ಹೆಚ್ಚುವರಿ ಕಂತು ಎಂದಿತ್ತು. 40,000 ರೂಪಾಯಿಯ ಕಿಟ್ ಎಂದಿಟ್ಟುಕೊಂಡರೆ ವರ್ಷಕ್ಕೆ 1,660 ರೂಪಾಯಿ, ಮೇಲೆ ತೆರಿಗೆ. ಸ್ವಂತ ಹಾನಿಯ ದರಗಳು 2007ರಿಂದ ಮುಕ್ತವಾಗಿರುವುದರಿಂದ ಇಂದು ಕಂಪೆನಿಯಿಂದ ಕಂಪೆನಿಗೆ ವ್ಯತ್ಯಾಸವಿರಬಹುದು. ಆದರೂ ಲೆಕ್ಕದ ಅಂದಾಜು ಸಿಗುತ್ತದೆ. ತಿಂಗಳಿಗೆ ನೂರೈವತ್ತು ರೂಪಾಯಿಯೂ ಆಗದ ಮೊತ್ತಕ್ಕೆ ನಾವು ಸತ್ಯವನ್ನು ಬಚ್ಚಿಡುತ್ತಿದ್ದೇವೆ! ಇನ್ನು ಕಾಲಿನ ಶಕ್ತಿಯಿಲ್ಲದ ಸಹೋದರನೊಬ್ಬ ಬ್ರೇಕನ್ನು ಕೈಯಿಂದಲೇ ಒತ್ತುವಂತೆ ಗಾಡಿಯನ್ನು ಬದಲಾಯಿಸಿ ಆರ್.ಸಿ.ಯಲ್ಲಿ ನಮೂದಿಸಿಕೊಂಡರೆ, ಅದೇ ದರಪಟ್ಟಿಯಲ್ಲಿ ಸ್ವಂತ ಹಾನಿಯ ಕಂತಿಗೆ ಶೇಕಡಾ 50ರ ರಿಯಾಯಿತಿಯಿತ್ತು. ಹೇಳಿದರೆ ಕಂತು ಏರಿಯೇ ಏರುತ್ತದೆಂಬುದು ಎಲ್ಲ ಸಂದರ್ಭಗಳಲ್ಲೂ ನಿಜವಲ್ಲ.

ಅಡುಗೆ ಮನೆಯ ಸಿಲಿಂಡರನ್ನು ಗಾಡಿಗೆ ಜೋಡಿಸುವವರಿಗೆ ಮಾತ್ರ ಈ ದಾರಿ ಇಲ್ಲ. 2001ರ ಕೇಂದ್ರ ಸರಕಾರದ ಆದೇಶವು ಗೃಹಬಳಕೆಯ ಅನಿಲವನ್ನು ವಾಹನಕ್ಕೆ ಬಳಸುವುದನ್ನು ನಿಷೇಧಿಸಿದೆ. ಅದಕ್ಕೆ ವಿಮೆ ಹುಡುಕುವ ಪ್ರಶ್ನೆಯೇ ಏಳುವುದಿಲ್ಲ. ಅದನ್ನು ಕಿತ್ತು ಹಾಕಬೇಕು, ಅಷ್ಟೇ.

ಈಗ ಆ ಬೆಂಚಿನ ಬಳಿಗೆ ಬರೋಣ. ಮಾರುತಿ ಓಮ್ನಿ 2019ರಲ್ಲಿ ತಯಾರಿಕೆ ನಿಂತರೂ ಇಂದಿಗೂ ನಮ್ಮ ಗಲ್ಲಿಗಳಲ್ಲಿ ಕಾಣಸಿಗುತ್ತದೆ. ಅದರಲ್ಲಿ ಮರದ ಹಲಗೆಯ ಬೆಂಚು ಹಾಕಿ ಹತ್ತು ಹನ್ನೆರಡು ಮಕ್ಕಳನ್ನು ಕೂರಿಸುವುದು ಯಾರಿಗೂ ಗೊತ್ತಿರದ ವಿಷಯವಲ್ಲ. ಎಷ್ಟೋ ಗಾಡಿಗಳ ಫಲಕ ಬಿಳಿಯದು, ಅಂದರೆ ಪಾಲಿಸಿ ಖಾಸಗಿ ಬಳಕೆಗೆ. ಬಾಡಿಗೆಗೆ ಓಡಿಸುವುದು ಆ ಪಾಲಿಸಿಯ ಶರತ್ತಿಗೇ ವಿರುದ್ಧ. ಇಲ್ಲಿ ಬಚ್ಚಿಟ್ಟದ್ದು ಕಂಪೆನಿಯಿಂದ ಮಾತ್ರವೇ?

ಥರ್ಡ್ ಪಾರ್ಟಿ ಎಂಬ ಹೆಸರೇ ಹೇಳುವಂತೆ ಈ ಕರಾರಿನ ಫಲ ರುಜು ಹಾಕಿದ ಇಬ್ಬರಿಗಲ್ಲ, ಮೂರನೆಯವನಿಗೆ. ಆ ಮೂರನೆಯವನು ಯಾರೆಂದು ರುಜು ಹಾಕುವ ದಿನ ಯಾರಿಗೂ ತಿಳಿದಿರುವುದಿಲ್ಲ. ಆತ ಅಶೋಕ ರಸ್ತೆಯನ್ನು ದಾಟುತ್ತಿರುವ ಮುದುಕನಿರಬಹುದು, ಬನ್ನಿಮಂಟಪದ ಬಳಿ ಸೈಕಲ್ ತುಳಿಯುವ ಕೂಲಿಯವನಿರಬಹುದು. ಅರಬರಲ್ಲಿ 'ಆಖಿಲಾ' ಎಂಬ ಪದ್ಧತಿಯಿತ್ತು. ಒಬ್ಬನ ಕೈಯಿಂದ ಅಚಾತುರ್ಯವಾಗಿ ಜೀವಹಾನಿಯಾದರೆ ಆತನ ಬಂಧುವರ್ಗವೆಲ್ಲ ಸೇರಿ ರಕ್ತಪರಿಹಾರ ತೆರುತ್ತಿತ್ತು. ಇಸ್ಲಾಮ್ ಅದನ್ನು ಉಳಿಸಿಕೊಂಡಿತು. ಸತ್ತವನ ಮನೆಯವರು ಕೊಂದವನ ಬಡತನದಿಂದಾಗಿ ಬರಿಗೈಯಲ್ಲಿ ಉಳಿಯಬಾರದೆಂಬುದೇ ಅದರ ಉದ್ದೇಶ. ಥರ್ಡ್ ಪಾರ್ಟಿ ವಿಮೆಯ ಉದ್ದೇಶವೂ ಇದಕ್ಕೆ ಬಹಳ ಸಮೀಪದ್ದು. ಮುಖ್ಯ ಸಂಗತಿಯೊಂದನ್ನು ಬಚ್ಚಿಟ್ಟು ಪಡೆದ ಪಾಲಿಸಿ ಅಸಿಂಧು ಎಂದು ವಾದಿಸಲು ಕಾಯ್ದೆಯ 150ನೇ ಕಲಮು ಕಂಪೆನಿಗೆ ಅವಕಾಶ ಕೊಡುತ್ತದೆ. ನ್ಯಾಯಾಲಯಗಳು ಕೆಲವೊಮ್ಮೆ ಕರುಣೆಯಿಂದ, ಮೊದಲು ಪರಿಹಾರ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಿರೆಂದು ಕಂಪೆನಿಗೆ ಆದೇಶಿಸುವುದುಂಟು. ಆಗಲೂ ಆ ಕುಟುಂಬ ವರ್ಷಗಟ್ಟಲೆ ಕೋರ್ಟಿನ ಮೆಟ್ಟಿಲು ಹತ್ತಿ ಇಳಿಯಬೇಕು.

ಹಿಮಾಚಲ ಪ್ರದೇಶದ ಬಸ್ಸೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2007ರಲ್ಲಿ ನೀಡಿದ ತೀರ್ಪನ್ನು ವ್ಯಾನು ಓಡಿಸುವ ಪ್ರತಿಯೊಬ್ಬರೂ ತಿಳಿಯಬೇಕು. ಬಸ್ಸಿಗೆ ವಿಮೆಯಿದ್ದದ್ದು 42 ಪ್ರಯಾಣಿಕರಿಗೆ. ಅದರಲ್ಲಿದ್ದವರು 90 ಮಂದಿ. ಬಸ್ಸು ಅಪಘಾತಕ್ಕೀಡಾಯಿತು. ಕಂಪೆನಿಯ ಹೊಣೆ 42 ಮಂದಿಗೆ ಮಾತ್ರವೆಂದು ನ್ಯಾಯಾಲಯ ಹೇಳಿತು. ಆದರೆ ಆ 42 ಮಂದಿ ಯಾರು? ಟಿಕೇಟು ಮೊದಲು ಕೊಂಡವರೇ? ಕಿಟಕಿಯ ಬಳಿ ಕೂತವರೇ? ಆದುದರಿಂದ ಅತಿ ಹೆಚ್ಚಿನ 42 ಪರಿಹಾರಗಳ ಮೊತ್ತವನ್ನು ಕಂಪೆನಿಯಿಂದ ಪಡೆದು ಎಲ್ಲರಿಗೂ ಪ್ರಮಾಣಾನುಸಾರ ಹಂಚಬೇಕೆಂದೂ ಉಳಿದದ್ದನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಬೇಕೆಂದೂ ತೀರ್ಪಾಯಿತು. ಮಾಲೀಕನ ಬಳಿ ಕೊಡಲು ಏನಿರುತ್ತದೆಂದು ನಮಗೆ ಗೊತ್ತು. ಅರ್ಥಾತ್, ಲೆಕ್ಕಕ್ಕೆ ಸಿಗದ ಒಂದೊಂದು ಸೀಟೂ ಪಕ್ಕದ ಸೀಟಿನವರ ಅನಾಥ ಮಕ್ಕಳ ಪಾಲಿನಿಂದ ಒಂದು ತುತ್ತನ್ನು ಎತ್ತಿಕೊಂಡಿತು. ಕಂಪೆನಿಯನ್ನು ವಂಚಿಸುತ್ತಿದ್ದೇನೆಂದು ಭಾವಿಸಿದವನು ನಿಜಕ್ಕೂ ಕೈಯಿಟ್ಟದ್ದು ಯಾರ ತಟ್ಟೆಗೆ?

"ಕೋರ್ಟುಗಳು ಇಷ್ಟೊಂದು ಕಟ್ಟುನಿಟ್ಟಲ್ಲ" ಎಂದು ಬಲ್ಲವರು ಹೇಳಬಹುದು. ಅದೂ ಸರಿ. ನಮ್ಮ ಹಾಸನದ ಲಾರಿಯೊಂದರ ಪ್ರಕರಣದಲ್ಲಿ, ಪಾಲಿಸಿಯ ಮಿತಿಗಿಂತ ಹೆಚ್ಚು ಜನರಿದ್ದರೆಂಬ ಕಾರಣಕ್ಕೆ ಕಂಪೆನಿಯು ಲಾರಿಯ ಹಾನಿಯನ್ನು ಭರಿಸಲು ನಿರಾಕರಿಸಿತ್ತು. ಮಾಲೀಕನಿಗೆ ತಿಳಿಯದಂತೆ ಚಾಲಕ ಇಬ್ಬರು ಮೂವರನ್ನು ಹತ್ತಿಸಿಕೊಂಡದ್ದು ಅಪಘಾತಕ್ಕೆ ಕಾರಣವಲ್ಲವಾದ್ದರಿಂದ ಪರಿಹಾರ ಕೊಡಲೇಬೇಕೆಂದು ಸುಪ್ರೀಂ ಕೋರ್ಟು 1996ರಲ್ಲಿ ಹೇಳಿತು. ಒಳ್ಳೆಯ ತೀರ್ಪು. ಆದರೆ ಅಲ್ಲಿ ಮಾಲೀಕನಿಗೆ ತಿಳಿದಿರಲಿಲ್ಲ. ಇಲ್ಲಿ ಬೆಂಚು ಹೊಡೆಸಿದವನೇ ಮಾಲೀಕ. ಅದಲ್ಲದೆ ನಮ್ಮ ಫುಕಹಾಗಳು 'ಖಝಾ' ಮತ್ತು 'ದಿಯಾನತ್' ಎಂದು ಎರಡನ್ನು ಬೇರ್ಪಡಿಸಿದ್ದಾರೆ. ಖಾಝಿಯ ಮುಂದೆ ಸಾಬೀತಾಗುವುದು ಒಂದು, ಅಲ್ಲಾಹನಿಗೂ ನಮಗೂ ನಡುವೆ ಇರುವುದು ಇನ್ನೊಂದು. ವಾಕ್ಚಾತುರ್ಯದಿಂದ ತೀರ್ಪು ಗೆದ್ದು ಇನ್ನೊಬ್ಬನ ಹಕ್ಕನ್ನು ಪಡೆದವನು ಬೆಂಕಿಯ ತುಂಡನ್ನೇ ಪಡೆದಂತೆ ಎಂಬರ್ಥದಲ್ಲಿ ಪ್ರವಾದಿವರ್ಯರು(ಸ) ಎಚ್ಚರಿಸಿದ್ದು ತಮ್ಮದೇ ನ್ಯಾಯಪೀಠದ ಮುಂದಿದ್ದವರನ್ನು.

ಕಂಪೆನಿಗಳಿಗೂ ಎರಡು ಮಾತು ಹೇಳಬೇಕು. ಇಂಗ್ಲಿಷ್ ಫಾರಂ, ಇರುವೆಯಂತಹ ಅಕ್ಷರ, "ಮಾರ್ಪಾಡು ಇದೆಯೇ" ಎಂಬಲ್ಲಿ ಕೇಳದೆಯೇ "ಇಲ್ಲ" ಎಂದು ತುಂಬುವ ಏಜೆಂಟು, ಅಪಘಾತವಾದ ಮೇಲೆ ಮಾತ್ರ ಗಾಡಿಯನ್ನು ಬಗ್ಗಿ ನೋಡುವ ಸರ್ವೇಯರು. ಇದು ಸದ್ವಿಶ್ವಾಸವಲ್ಲ. ಫಾರಂನಲ್ಲಿ ಏನು ಬರೆದಿದೆಯೆಂದು ಕೇಳಿ ತಿಳಿದುಕೊಂಡೇ ರುಜು ಹಾಕಿರಿ. ಮಾರ್ಪಾಡನ್ನು ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಿರಿ. ತಿಳಿಸಿದ ಮೇಲೂ ಕ್ಲೇಮನ್ನು ಅನ್ಯಾಯವಾಗಿ ತಿರಸ್ಕರಿಸಿದರೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿಯಿದೆ, ಜಿಲ್ಲಾ ಗ್ರಾಹಕರ ಆಯೋಗವಿದೆ. ಸತ್ಯ ಹೇಳಿದವನ ಕೈಯಲ್ಲಿ ಅಲ್ಲಿ ಒಂದು ಕಾಗದವಿರುತ್ತದೆ.

ಆದರೂ ವ್ಯಾನಿನ ಚಾಲಕನೊಬ್ಬನ ಮೇಲೆಯೇ ಎಲ್ಲ ಭಾರವನ್ನೂ ಹೇರುವುದು ನ್ಯಾಯವಲ್ಲ. ಬೆಂಚು ಕಿತ್ತು, ಹಳದಿ ಫಲಕ ಹಾಕಿಸಿ, ಅಂಗೀಕೃತ ಕಿಟ್ ಕೂರಿಸಿ, ಸರಿಯಾದ ಪಾಲಿಸಿ ಪಡೆದರೆ ಹನ್ನೆರಡು ಮಕ್ಕಳ ಬಾಡಿಗೆ ಏಳೆಂಟಕ್ಕೆ ಇಳಿಯುತ್ತದೆ, ಖರ್ಚು ಏರುತ್ತದೆ. ಆ ವ್ಯತ್ಯಾಸವನ್ನು ಯಾರು ಕೊಡಬೇಕು? ಬೆಳಗ್ಗೆ ಬಾಗಿಲಲ್ಲಿ ನಿಂತು ತಮ್ಮ ಮಗುವನ್ನು ಆ ಬೆಂಚಿನ ಮೇಲೆ ಕೂರಿಸಿ ಕೈ ಬೀಸುವವರು ನಾವೇ. ಆ ಗಾಡಿಯಲ್ಲಿ ಎಷ್ಟು ಮಕ್ಕಳಿದ್ದಾರೆಂದು ನಮಗೂ ಗೊತ್ತು, ತಿಂಗಳಿಗೆ ನೂರಿನ್ನೂರು ಕಡಿಮೆಯೆಂದು ಆ ವ್ಯಾನನ್ನೇ ಆರಿಸಿದವರೂ ನಾವು. ಬೈತುಲ್ ಮಾಲ್ ನಡೆಸುವ ಜಮಾಅತ್‌ಗಳು ಇಂತಹ ಚಾಲಕರಿಗೆ ಕಿಟ್‌ಗಾಗಿ, ಪರವಾನಿಗೆಗಾಗಿ ಬಡ್ಡಿರಹಿತ ಸಾಲ ಕೊಡಬಹುದು. ಹೆತ್ತವರು ಸೇರಿ ಬಾಡಿಗೆಯನ್ನು ಏರಿಸಿಕೊಳ್ಳೆಂದು ತಾವಾಗಿ ಹೇಳಬಹುದು, ಬದಲಿಗೆ ಆರ್.ಸಿ. ಮತ್ತು ಪಾಲಿಸಿಯನ್ನು ತೋರಿಸೆಂದು ಕೇಳಬಹುದು. ಈ ತಿಂಗಳ ಬಾಡಿಗೆ ಕೊಡುವಾಗ ಅದನ್ನು ಕೇಳುವವರು ನಮ್ಮಲ್ಲಿ ಎಷ್ಟು ಮಂದಿ?