ಬಿಳಿಸೆರಗಿನ ಮರೆಯಲ್ಲಿ

ಸಹನೆ ಎಲ್ಲಿಯವರೆಗೆ ಸದ್ಗುಣ? ಈ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೋಪ, ಅವಮಾನ, ಅನ್ಯಾಯಗಳ ಸಂದರ್ಭದಲ್ಲಿ ಕೇಳುತ್ತೇವೆ. ಅದನ್ನೇ ಒಂದು ರೋಗದ ಎದುರಿಗಿಟ್ಟು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ. ಗರ್ಭಕಂಠದ ಕ್ಯಾನ್ಸರ್ ಅಂಥದೊಂದು ರೋಗ.

ಇದು ಅವಸರದ ಕಾಯಿಲೆಯಲ್ಲ. ಎಚ್‌ಪಿವಿ ಎಂಬ ವೈರಾಣು ದೇಹದಲ್ಲಿ ಬೀಡುಬಿಟ್ಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹದಿನೈದಿಪ್ಪತ್ತು ವರ್ಷ ಹಿಡಿಯುತ್ತದೆ. ಅದಕ್ಕೆ ಮೊದಲಿನ ಬದಲಾವಣೆಗಳನ್ನು ಪರೀಕ್ಷೆಯಿಂದ ಗುರುತಿಸಿ ಅಲ್ಲೇ ತಡೆಯಬಹುದು. ಅಸಿಟಿಕ್ ಆಮ್ಲ ಹಚ್ಚಿ ಬರಿಗಣ್ಣಿನಿಂದ ನೋಡುವ ಅಗ್ಗದ ಪರೀಕ್ಷೆಯೂ ಇದೆ. 30ರಿಂದ 65 ವರ್ಷದ ಹೆಂಗಸರಿಗೆ ಅದು ಸರ್ಕಾರಿ ಕಾರ್ಯಕ್ರಮದಲ್ಲೇ ಸೇರಿದೆ. ಆದರೂ 2022ರ ಅಂತರರಾಷ್ಟ್ರೀಯ ಅಂದಾಜಿನಂತೆ, ಆ ಒಂದೇ ವರ್ಷ ಭಾರತದಲ್ಲಿ ಸುಮಾರು 80 ಸಾವಿರ ಹೆಂಗಸರು ಇದರಿಂದ ಸತ್ತರು. ಇಷ್ಟೊಂದು ಕಾಲಾವಕಾಶ ಕೊಡುವ ರೋಗ ಇಷ್ಟು ಜನರನ್ನು ಹೇಗೆ ಕೊಲ್ಲುತ್ತದೆ?

ಉತ್ತರದ ಒಂದು ತುಣುಕು ನಮ್ಮ ಮಾತಿನಲ್ಲೇ ಇದೆ. ಮುಟ್ಟಾಗುವುದನ್ನು ‘ಹೊರಗಾಗುವುದು’ ಎನ್ನುತ್ತೇವೆ. ಯೋನಿಸ್ರಾವವನ್ನು ‘ಬಿಳಿಸೆರಗು’ ಎನ್ನುತ್ತೇವೆ. ಅದೆಲ್ಲವೂ ರೋಗವಲ್ಲ, ನಿಜ. ಆದರೆ ವಾಸನೆಯಿಂದ, ರಕ್ತದ ಕಲೆಯಿಂದ ಎಚ್ಚರಿಸಬೇಕಾದ ಲಕ್ಷಣಕ್ಕೂ ಮುಚ್ಚುವ ಬಟ್ಟೆಯ ಹೆಸರೇ ಅಂಟಿಕೊಂಡಿದೆ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ‘ಕೇಳು ಕಿಶೋರಿ’, ‘ತಾಯಿ ಮಗು’ವಿನಂಥ ಪುಸ್ತಕಗಳಲ್ಲಿ ಹೆಣ್ಣಿನ ದೇಹದ ಬಗ್ಗೆ ನೇರ ಕನ್ನಡದಲ್ಲಿ ಬರೆದರು. 1991ರಲ್ಲಿ ಕ್ಯಾನ್ಸರಿನಿಂದಲೇ ತೀರಿಕೊಂಡ ಅವರು ತೆರೆದ ಆ ಭಾಷೆ ಅನೇಕ ಮನೆಗಳ ಅಡುಗೆಮನೆಯವರೆಗೆ ಇನ್ನೂ ತಲುಪಿಲ್ಲ.

ತುಂಗಭದ್ರೆಯ ದಂಡೆಯ ಕುಮಾರಪಟ್ಟಣದಲ್ಲಿ ಒಬ್ಬ ಹೆಂಗಸನ್ನು ಊಹಿಸಿಕೊಳ್ಳಿ. ರಾಣೆಬೆನ್ನೂರು ಸೀಮೆಯ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿಂದ ಹೂವಿಗೆ ಕೈಯಾರೆ ಪರಾಗ ಮುಟ್ಟಿಸುವ ಕೆಲಸ ಆಕೆಯದು. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಾಣಿಸಿದೆ. ಸುಗ್ಗಿ ಮುಗೀಲಿ, ಮಗಳ ಪರೀಕ್ಷೆ ಮುಗೀಲಿ ಅನ್ನುತ್ತಾಳೆ. ಒಂದೊಂದು ಮುಂದೂಡಿಕೆಯೂ ವಿವೇಕದ್ದೇ. ರೋಗ ಖಚಿತವಾಗಿ, ಅದು ಅಷ್ಟರಲ್ಲಿ ಹಬ್ಬಿದ್ದರೆ, ನೂರು ಕಿಲೋಮೀಟರಿಗೂ ದೂರದ ಹುಬ್ಬಳ್ಳಿಯಲ್ಲೋ ಬೆಂಗಳೂರಿನ ಕಿದ್ವಾಯಿಯಲ್ಲೋ ಸುಮಾರು ಐದು ವಾರ, ವಾರಕ್ಕೆ ಐದು ದಿನ ವಿಕಿರಣ; ವಾರಕ್ಕೊಮ್ಮೆ ಕಿಮೊ; ಆಮೇಲೆ ದೇಹದೊಳಗಿನಿಂದ ಕೊಡುವ ವಿಕಿರಣ. ಅಷ್ಟು ದಿನ ಕೂಲಿಯೂ ಇಲ್ಲ.

‘ಯಾಕೆ ತಡ ಮಾಡಿದೆ?’ ಎಂದು ಎಲ್ಲರೂ ಆಕೆಯನ್ನೇ ಕೇಳುತ್ತಾರೆ. ಇಲ್ಲಿ ಕಾರಣ ಮತ್ತು ತಪ್ಪು ಎರಡನ್ನೂ ಬೇರೆಬೇರೆಯಾಗಿ ನೋಡಬೇಕು. ಆಕೆಯ ಮೌನ ತಡಕ್ಕೆ ಕಾರಣವಿರಬಹುದು. ಆದರೆ ಆ ಮೌನವನ್ನು ಚಿಕ್ಕಂದಿನಿಂದ ಕಲಿಸಿದ್ದು, ‘ಎಷ್ಟು ತಾಳ್ಮೆ ನೋಡು’ ಎಂದು ಹೊಗಳಿದ್ದು ನಾವು. ಕಲಿಸಿದ ಪಾಠ ಒಪ್ಪಿಸಿದ್ದಕ್ಕೆ ಶಿಕ್ಷೆ ಕೊಡುವುದು ನ್ಯಾಯವಲ್ಲ. ವೈರಾಣುವಿನ ವಿಷಯದಲ್ಲೂ ಹೀಗೆಯೇ. ಅದು ಲೈಂಗಿಕ ಸಂಪರ್ಕದಿಂದ ಬರುತ್ತದೆ ಎಂದು ಗೊತ್ತಾದೊಡನೆ ಹೆಂಗಸಿನ ನಡತೆಯ ಲೆಕ್ಕ ಶುರುವಾಗುತ್ತದೆ. ಗಂಡನೊಬ್ಬನನ್ನು ಬಿಟ್ಟು ಯಾರನ್ನೂ ಅರಿಯದವಳಿಗೂ ಅದು ಬರುತ್ತದೆ; ಬಹುಪಾಲು ಗಂಡಸರಿಗೂ ಹೆಂಗಸರಿಗೂ ಬಾಳಿನಲ್ಲಿ ಒಮ್ಮೆಯಾದರೂ ತಗಲುವ ಸೋಂಕದು. ದಾಟಿಸುವವರು ಇಬ್ಬರು, ನಾಚಿಕೆ ಮಾತ್ರ ಒಬ್ಬಳದು.

ಚಿಕಿತ್ಸೆ ಮುಗಿದ ಮೇಲೆ ಸಹನೆಯ ಪರೀಕ್ಷೆ ಮತ್ತೆ ಮೊದಲಾಗುತ್ತದೆ. ‘ಈಗ ಆರಾಮ ಆತಲ್ಲ’ ಎಂದು ಮನೆ ನಿರಾಳವಾಗುತ್ತದೆ. ದಣಿವು, ಉರಿಮೂತ್ರ, ಕೂಡುವಾಗಿನ ನೋವು ಇವನ್ನು ಹೇಳಲು ಈಗಲೂ ಮಾತಿಲ್ಲ. ವರ್ಷಗಟ್ಟಲೆ ತಪಾಸಣೆಗೆ ಹೋಗಬೇಕೆಂದರೆ ‘ಮತ್ಯಾಕೆ?’ ಎಂಬ ಪ್ರಶ್ನೆ. ರೋಗ ಹೋದರೂ, ಅದು ತಡವಾಗಿ ಗೊತ್ತಾಗಲು ಕಾರಣವಾದ ಏರ್ಪಾಡು ಹಾಗೆಯೇ ಉಳಿಯುತ್ತದೆ.

ಬೇಡ ಎನ್ನಲು ಅವಕಾಶವಿದ್ದೂ ತಾಳಿಕೊಂಡರೆ ಅದು ಸಹನೆ. ಅವಕಾಶವೇ ಇಲ್ಲದಲ್ಲಿ ಅದು ಇನ್ನೊಬ್ಬರ ಅನುಕೂಲ, ಅದಕ್ಕೆ ನಾವಿಟ್ಟ ಒಳ್ಳೆಯ ಹೆಸರಷ್ಟೇ. ಹೆಂಗಸು ಬಾಯಿಬಿಟ್ಟು ಹೇಳಲಿ ಎಂದು ಕಾಯುವುದಕ್ಕಿಂತ, ಪರೀಕ್ಷೆಯ ದಿನ ಹೊಲದ ಕೆಲಸಕ್ಕೂ ಒಲೆಗೂ ಬೇರೆ ಯಾರು ನಿಲ್ಲುತ್ತಾರೆ ಎಂದು ಮನೆಮಂದಿ ಮೊದಲು ಮಾತಾಡಿಕೊಳ್ಳಲಿ.